ಹಬ್ಬದ ಕೇಕಿನಲ್ಲಿ ಮದ್ಯಸಾರ: ಹಾರುವುದೆಷ್ಟು, ಉಳಿಯುವುದೆಷ್ಟು?

ಡಿಸೆಂಬರ್ ತಿಂಗಳು ಬಂದಿತೆಂದರೆ ಬೆಂಗಳೂರು, ಮಂಗಳೂರುಗಳ ಬೇಕರಿಗಳ ಗಾಜಿನ ಕಪಾಟುಗಳಲ್ಲಿ ಕಂದುಬಣ್ಣದ ಪ್ಲಮ್ ಕೇಕುಗಳು ಸಾಲುಗಟ್ಟಿ ನಿಲ್ಲುತ್ತವೆ. ಕ್ರಿಸ್ಮಸ್ ಕ್ರೈಸ್ತರ ಹಬ್ಬವಾದರೂ ಆ ಕೇಕು ನೆರೆಹೊರೆಯ ವಿಶ್ವಾಸದ ಕುರುಹಾಗಿ ಎಲ್ಲ ಮತದವರ ಮನೆಗಳನ್ನೂ ಸೇರುತ್ತದೆ. ಅದರಲ್ಲಿ ಪ್ಲಮ್ ಹಣ್ಣೇ ಇರುವುದಿಲ್ಲವೆಂಬುದು ಒಂದು ಸ್ವಾರಸ್ಯ. ಹಿಂದಿನ ಕಾಲದ ಇಂಗ್ಲಿಷಿನಲ್ಲಿ ಒಣದ್ರಾಕ್ಷಿಗೂ 'ಪ್ಲಮ್' ಎಂದೇ ಹೆಸರಿದ್ದುದರಿಂದ ಆ ಹೆಸರು ಹಾಗೆಯೇ ಉಳಿದುಬಂದಿದೆ. ಆದರೆ ಹೆಸರಿನಲ್ಲಿ ಕಾಣಿಸದ ಇನ್ನೊಂದು ವಸ್ತು ಅದರಲ್ಲಿ ಅನೇಕ ವೇಳೆ ಇರುತ್ತದೆ. ಅದೇ ರಮ್ ಅಥವಾ ಬ್ರಾಂದಿ. ಒಣಹಣ್ಣುಗಳನ್ನು ವಾರಗಟ್ಟಲೆ, ಕೆಲವೆಡೆ ತಿಂಗಳುಗಟ್ಟಲೆ, ಅದರಲ್ಲಿ ನೆನೆಯಿಟ್ಟು ಆಮೇಲೆ ಹಿಟ್ಟಿಗೆ ಬೆರೆಸುವುದು ಸಂಪ್ರದಾಯ.

ಮದ್ಯವನ್ನು ಮುಟ್ಟದವರು ಈ ಕೇಕಿನ ತುಂಡನ್ನು ಕೈಯಲ್ಲಿ ಹಿಡಿದು ಅನುಮಾನಿಸಿದಾಗ ಸಾಮಾನ್ಯವಾಗಿ ಕೇಳಿಬರುವ ಸಮಾಧಾನ ಒಂದೇ: "ಎರಡು ಗಂಟೆ ಬೆಂದಿದೆ, ಮದ್ಯವೆಲ್ಲ ಎಂದೋ ಹಾರಿಹೋಗಿದೆ." ಈ ಮಾತನ್ನು ಹೇಳುವವರಲ್ಲಿ ಕಪಟವೇನೂ ಇರುವುದಿಲ್ಲ. ನೀರು ೧೦೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿಯುತ್ತದೆ, ಮದ್ಯಸಾರ ೭೮ ಡಿಗ್ರಿಯಲ್ಲಿಯೇ ಕುದಿಯುತ್ತದೆ. ಆದುದರಿಂದ ಕೇಕು ಬೇಯುವಷ್ಟರಲ್ಲಿ ಮದ್ಯಸಾರ ಉಳಿದಿರಲು ಸಾಧ್ಯವಿಲ್ಲ ಎಂಬ ತರ್ಕ ಮೇಲುನೋಟಕ್ಕೆ ಸರಿಯಾಗಿಯೇ ಕಾಣುತ್ತದೆ. ಭೌತಶಾಸ್ತ್ರದ ವಿದ್ಯಾರ್ಥಿಗಳೂ ಇದನ್ನು ಒಪ್ಪಿಬಿಡುವುದುಂಟು. ಈ ತರ್ಕ ಎಲ್ಲಿ ತಪ್ಪುತ್ತದೆ, ಮದ್ಯಸಾರವಿಲ್ಲದೆಯೇ ಅಂಥದೇ ಕೇಕನ್ನು ಮಾಡುವ ಬಗೆ ಯಾವುದು ಎಂಬುದನ್ನು ಈ ಲೇಖನದಲ್ಲಿ ನಾವು ಪರಿಶೀಲಿಸೋಣ.

ಯಾರಿಗೆ ಇದು ಮುಖ್ಯ?

ಮದ್ಯಸಾರವನ್ನು ಬಿಟ್ಟಿರಬೇಕಾದವರು ಹಲವು ಬಗೆಯವರು. ಮತಧರ್ಮದ ಕಟ್ಟಳೆಯಿಂದಲೋ ಮನೆತನದ ಆಚಾರದಿಂದಲೋ ಬಿಟ್ಟವರು ಕೆಲವರು. ಗರ್ಭಿಣಿಯರಿಗೆ ಇಷ್ಟು ಮದ್ಯಸಾರ ಅಪಾಯಕರವಲ್ಲ ಎಂದು ಹೇಳಬಹುದಾದ ಪ್ರಮಾಣವೇ ಗೊತ್ತಿಲ್ಲವಾಗಿ, ಪೂರ್ತಿ ಬಿಡುವುದೇ ಲೇಸೆಂದು ವೈದ್ಯರು ಹೇಳುತ್ತಾರೆ. ಯಕೃತ್ತಿನ ರೋಗವಿರುವವರು, ಸಣ್ಣ ಮಕ್ಕಳು ಇನ್ನು ಕೆಲವರು. ಕುಡಿತದ ಚಟಕ್ಕೆ ಸಿಕ್ಕಿ, ಬಹಳ ಕಷ್ಟದಿಂದ ಅದರಿಂದ ಹೊರಬಂದವರ ವಿಷಯವಂತೂ ಎಲ್ಲಕ್ಕಿಂತ ಸೂಕ್ಷ್ಮವಾದುದು. ಅವರಲ್ಲಿ ಕೆಲವರಿಗೆ ವೈದ್ಯರು ಡೈಸಲ್ಫಿರಾಮ್ ಎಂಬ ಔಷಧವನ್ನು ಕೊಟ್ಟಿರುತ್ತಾರೆ.

ಈ ಔಷಧದ ಚರಿತ್ರೆ ತಿಳಿಯತಕ್ಕದ್ದು. ೧೯೩೭ರಲ್ಲಿ ಅಮೆರಿಕದ ವೈದ್ಯನೊಬ್ಬನು ರಬ್ಬರ್ ಕಾರ್ಖಾನೆಯ ಕೆಲಸಗಾರರಲ್ಲಿ ಒಂದು ವಿಚಿತ್ರವನ್ನು ಗಮನಿಸಿದನು. ರಬ್ಬರನ್ನು ಹದಗೊಳಿಸಲು ಬಳಸುವ ಒಂದು ಗಂಧಕಯುಕ್ತ ರಾಸಾಯನಿಕದ ನಡುವೆ ದುಡಿಯುತ್ತಿದ್ದವರು ಸ್ವಲ್ಪ ಮದ್ಯ ಕುಡಿದರೂ ಅಸ್ವಸ್ಥರಾಗುತ್ತಿದ್ದರು. ಮುಂದೆ ಡೆನ್ಮಾರ್ಕಿನಲ್ಲಿ ಯೆನ್ಸ್ ಹಾಲ್ಡ್ ಮತ್ತು ಎರಿಕ್ ಯಾಕೋಬ್‌ಸೆನ್ ಎಂಬ ಸಂಶೋಧಕರು ಅದರ ಹತ್ತಿರದ ಬಂಧುವಾದ ಡೈಸಲ್ಫಿರಾಮನ್ನು ಹೊಟ್ಟೆಹುಳುವಿನ ಮದ್ದಾಗಿ ಪರೀಕ್ಷಿಸುತ್ತ, ತಾವೇ ಅದನ್ನು ನುಂಗಿ ನೋಡಿದರು. ಬಳಿಕ ಮದ್ಯ ಸೇವಿಸಿದಾಗ ಅವರಿಗೂ ಅದೇ ಪಾಡಾಯಿತು. ೧೯೪೮ರಲ್ಲಿ ಇದರ ವಿವರಗಳು ಪ್ರಕಟವಾದವು.

ಕಾರಣ ಹೀಗಿದೆ. ನಮ್ಮ ಯಕೃತ್ತು ಮದ್ಯಸಾರವನ್ನು ಎರಡು ಹೆಜ್ಜೆಗಳಲ್ಲಿ ಒಡೆಯುತ್ತದೆ. ಮೊದಲನೆಯ ಹೆಜ್ಜೆಯಲ್ಲಿ ಅದು ಅಸಿಟಾಲ್ಡಿಹೈಡ್ ಎಂಬ ವಿಷವಸ್ತುವಾಗುತ್ತದೆ. ಎರಡನೆಯದರಲ್ಲಿ ಆ ವಿಷವಸ್ತು ನಿರಪಾಯಕರವಾದ ಅಸಿಟೇಟ್ ಆಗುತ್ತದೆ. ಡೈಸಲ್ಫಿರಾಮ್ ಎರಡನೆಯ ಹೆಜ್ಜೆಯ ಕಿಣ್ವವನ್ನು ಕಟ್ಟಿಹಾಕುತ್ತದೆ. ಆಗ ಅಸಿಟಾಲ್ಡಿಹೈಡ್ ರಕ್ತದಲ್ಲಿ ಶೇಖರವಾಗಿ ಮುಖ ಕೆಂಪೇರುವುದು, ತಲೆ ಸಿಡಿಯುವುದು, ವಾಂತಿ, ಎದೆಬಡಿತ, ರಕ್ತದ ಒತ್ತಡದ ಇಳಿತ ಮೊದಲಾದುವು ಉಂಟಾಗುತ್ತವೆ. ಔಷಧವನ್ನು ನಿಲ್ಲಿಸಿದ ಮೇಲೂ ಎರಡು ವಾರಗಳವರೆಗೆ ಈ ಪರಿಣಾಮ ಉಳಿಯಬಹುದು. ಇಂಥವರ ತಟ್ಟೆಗೆ "ಹಾರಿಹೋಗಿದೆ" ಎಂಬ ಭರವಸೆಯೊಡನೆ ರಮ್ ಕೇಕನ್ನು ಬಡಿಸುವುದು ಸಣ್ಣ ವಿಷಯವಲ್ಲ. ಪೂರ್ವ ಏಷ್ಯದ ಜನರಲ್ಲಿ ಅನೇಕರಿಗೆ ಇದೇ ಕಿಣ್ವ ಹುಟ್ಟಿನಿಂದಲೇ ದುರ್ಬಲವಾಗಿರುತ್ತದೆಂಬುದನ್ನೂ ಇಲ್ಲಿ ನೆನೆಯಬಹುದು.

ನಿಲ್ದಾಣದಲ್ಲಿ ಇಳಿಯದ ಪ್ರಯಾಣಿಕ

ಈಗ ಮೊದಲಿನ ತರ್ಕವನ್ನು ಪರೀಕ್ಷಿಸೋಣ. ರೈಲು ೭೮ನೆಯ ನಿಲ್ದಾಣಕ್ಕೆ ಬಂದೊಡನೆ ಮದ್ಯಸಾರವೆಂಬ ಪ್ರಯಾಣಿಕ ಇಳಿದುಹೋಗುತ್ತಾನೆ, ನೀರು ಮಾತ್ರ ೧೦೦ರವರೆಗೆ ಪ್ರಯಾಣ ಮಾಡುತ್ತದೆ ಎಂಬುದು ಆ ತರ್ಕದ ಒಳಗಿರುವ ಚಿತ್ರ. ಶುದ್ಧ ಮದ್ಯಸಾರವನ್ನು ಒಂದು ಪಾತ್ರೆಯಲ್ಲಿ, ಶುದ್ಧ ನೀರನ್ನು ಇನ್ನೊಂದು ಪಾತ್ರೆಯಲ್ಲಿ ಇಟ್ಟು ಕಾಯಿಸಿದರೆ ಆ ಚಿತ್ರ ಸರಿ. ಒಂದರೊಡನೊಂದು ಬೆರೆತಾಗ ಸಂಗತಿಯೇ ಬೇರೆ. ಎರಡರ ಅಣುಗಳೂ ಜಲಜನಕದ ಬಂಧಗಳಿಂದ ಪರಸ್ಪರ ಕೈಹಿಡಿದಿರುತ್ತವೆ. ಮಿಶ್ರಣಕ್ಕೆ ಅದರದೇ ಆದ ಕುದಿಬಿಂದು ಇರುತ್ತದೆ; ಅದು ಮಿಶ್ರಣದ ಪ್ರಮಾಣವನ್ನು ಅನುಸರಿಸಿ ೭೮ಕ್ಕೂ ೧೦೦ಕ್ಕೂ ನಡುವೆ ಎಲ್ಲಾದರೂ ನಿಲ್ಲುತ್ತದೆ. ನೂರು ಪಾಲಿನಲ್ಲಿ ಹತ್ತು ಪಾಲು ಮದ್ಯಸಾರವಿರುವ ನೀರು ಕುದಿಯುವುದು ಸುಮಾರು ೯೩ ಡಿಗ್ರಿಯಲ್ಲಿ.

ಹಾಗೆ ಕುದಿಯುವಾಗ ಮೇಲೇಳುವ ಆವಿಯೂ ಬರಿಯ ಮದ್ಯಸಾರವಲ್ಲ. ಮೇಲೆ ಹೇಳಿದ ಮಿಶ್ರಣದಿಂದ ಬರುವ ಆವಿಯಲ್ಲಿ, ತೂಕದ ಲೆಕ್ಕದಲ್ಲಿ, ಹೆಚ್ಚುಕಡಮೆ ಅರ್ಧ ಮದ್ಯಸಾರ, ಅರ್ಧ ನೀರು ಇರುತ್ತವೆ. ಮದ್ಯಸಾರ ಖರ್ಚಾದಂತೆ ಉಳಿದ ದ್ರವದಲ್ಲಿ ಅದರ ಪಾಲು ಇಳಿಯುತ್ತದೆ. ಅದರೊಡನೆ ಆವಿಯಲ್ಲಿಯೂ ಇಳಿಯುತ್ತದೆ. ಮೊದಮೊದಲು ಭರದಿಂದ ಹಾರುವುದು ಬರಬರುತ್ತ ನಿಧಾನವಾಗುತ್ತದೆ. ಅರ್ಧ ಹೋಗಿ ಅರ್ಧ ಉಳಿಯಿತು, ಆ ಅರ್ಧದಲ್ಲಿ ಅರ್ಧ ಹೋಯಿತು ಎಂಬಂತೆ ಸಾಗುವ ಈ ವ್ಯವಹಾರದಲ್ಲಿ ಸೊನ್ನೆ ಎಂಬ ಗುರಿ ಸುಲಭವಾಗಿ ಸಿಕ್ಕುವುದಿಲ್ಲ. ಈ ಎರಡು ದ್ರವಗಳ ಸ್ನೇಹ ಎಷ್ಟು ಗಟ್ಟಿಯೆಂದರೆ, ಭಟ್ಟಿಯಿಳಿಸುವವರು ಎಷ್ಟು ಬಾರಿ ಬಟ್ಟಿಯಿಳಿಸಿದರೂ ಸಾಧಾರಣ ಒತ್ತಡದಲ್ಲಿ ತೂಕದಿಂದ ಶೇಕಡಾ ೯೫.೬ಕ್ಕಿಂತ ಹೆಚ್ಚು ಶುದ್ಧವಾದ ಮದ್ಯಸಾರವನ್ನು ಪಡೆಯಲಾರರು. ಕೊನೆಯ ನೀರು ಅದನ್ನು ಬಿಡುವುದಿಲ್ಲ.

ಇನ್ನು ಕೇಕು ತೆರೆದ ಬಾಣಲೆಯ ಸಾರಲ್ಲ. ಓವನ್ನಿನ ಗಾಳಿ ೧೫೦ ಡಿಗ್ರಿಯಷ್ಟು ಬಿಸಿಯಾಗಿದ್ದರೂ ಕೇಕಿನ ಒಡಲಿನ ಉಷ್ಣತೆ ಬಹು ಹೊತ್ತು ಕಡಮೆಯಾಗಿಯೇ ಇದ್ದು, ಕೊನೆಗೆ ೯೫ರಿಂದ ೯೮ ಡಿಗ್ರಿಯನ್ನು ಮುಟ್ಟುತ್ತದೆ. ಒಳಗೆ ನೀರು ಇರುವವರೆಗೂ ಕಾವು ಗುಪ್ತೋಷ್ಣವಾಗಿ ವ್ಯಯವಾಗುತ್ತಿರುವುದೇ ಇದಕ್ಕೆ ಕಾರಣ. ಒಳಗಿನ ಮದ್ಯಸಾರದ ಅಣು ಹೊರಬರಬೇಕಾದರೆ ಹಿಟ್ಟಿನ ದಪ್ಪವನ್ನು ದಾಟಿಕೊಂಡು ಬರಬೇಕು. ಈ ವಿಸರಣಕ್ಕೆ ಬೇಕಾದ ಕಾಲ ದೂರದ ವರ್ಗಕ್ಕೆ ಅನುಪಾತದಲ್ಲಿರುತ್ತದೆ: ದಪ್ಪ ಎರಡರಷ್ಟಾದರೆ ಕಾಲ ನಾಲ್ಕರಷ್ಟಾಗುತ್ತದೆ. ಅಷ್ಟರಲ್ಲಿ ಮೇಲೆ ಒಣಗಿದ ಹೊರಪದರ ಬೇರೆ ಕಟ್ಟಿಕೊಂಡಿರುತ್ತದೆ. ಒಣದ್ರಾಕ್ಷಿಯ ಸಿಪ್ಪೆಯೊಳಗೆ ಸೇರಿಕೊಂಡ ರಮ್‌ಗಂತೂ ಎರಡೆರಡು ಕೋಟೆಗಳು.

ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು ೯೨೦ ಮೀಟರು ಎತ್ತರದಲ್ಲಿದ್ದು ಅಲ್ಲಿ ನೀರು ೯೭ ಡಿಗ್ರಿಯಲ್ಲಿಯೇ ಕುದಿಯುವುದರಿಂದ ಮಂಗಳೂರಿಗಿಂತ ಅಲ್ಲಿ ಮದ್ಯಸಾರ ಬೇಗ ಹಾರುವುದಿಲ್ಲವೆ ಎಂದು ಚುರುಕಾದ ವಿದ್ಯಾರ್ಥಿಯೊಬ್ಬನು ಕೇಳಬಹುದು. ಪ್ರಶ್ನೆ ಒಳ್ಳೆಯದೇ. ಆದರೆ ಎತ್ತರಕ್ಕೆ ಹೋದಂತೆ ಎರಡು ದ್ರವಗಳ ಕುದಿಬಿಂದುಗಳೂ ಒಟ್ಟಿಗೆ ಇಳಿಯುತ್ತವೆ. ಅವುಗಳ ನಡುವಣ ಸ್ಪರ್ಧೆ ಬಹುಮಟ್ಟಿಗೆ ಮೊದಲಿನಂತೆಯೇ ಇರುತ್ತದೆ.

ಅಳೆದು ನೋಡಿದವರು ಕಂಡುದೇನು?

ತರ್ಕಕ್ಕಿಂತ ಅಳತೆ ಮೇಲು. ೧೯೯೨ರಲ್ಲಿ ಅಮೆರಿಕದ ಆಹಾರವಿಜ್ಞಾನಿಗಳ ತಂಡವೊಂದು ಮದ್ಯ ಬೆರೆಸಿದ ಆರು ಬಗೆಯ ಅಡಿಗೆಗಳನ್ನು ಮಾಡಿ, ಪ್ರತಿಯೊಂದರಲ್ಲಿಯೂ ಉಳಿದ ಮದ್ಯಸಾರವನ್ನು ಅಳೆಯಿತು. ಹಾಕಿದುದರಲ್ಲಿ ಶೇಕಡಾ ೪ರಿಂದ ೮೫ರವರೆಗೆ ಉಳಿದಿತ್ತು. ಯಾವುದರಲ್ಲಿಯೂ ಸೊನ್ನೆಯಾಗಿರಲಿಲ್ಲ. ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕದಲ್ಲಿರುವ ಅಂಕಿಗಳು ಹೀಗಿವೆ. ಮದ್ಯವನ್ನು ಕಲಸಿ ಬೇಯಿಸಿದಾಗ ೧೫ ನಿಮಿಷಗಳ ಬಳಿಕ ಉಳಿಯುವುದು ಶೇಕಡಾ ೪೦. ಅರ್ಧ ಗಂಟೆಯ ಬಳಿಕ ೩೫. ಒಂದು ಗಂಟೆಯ ಬಳಿಕ ೨೫. ಎರಡು ಗಂಟೆಯ ಬಳಿಕ ೧೦. ಎರಡೂವರೆ ಗಂಟೆಯ ಬಳಿಕ ೫. ಮದ್ಯವನ್ನು ಸುರಿದು ಬೆಂಕಿ ಹೊತ್ತಿಸಿ ನೀಲಿ ಜ್ವಾಲೆಯನ್ನು ತೋರಿಸುವ ಪದ್ಧತಿಯೊಂದಿದೆಯಷ್ಟೆ? ಆ ಜ್ವಾಲೆ ಆರಿದ ಮೇಲೆಯೂ ಶೇಕಡಾ ೭೫ ಉಳಿದಿರುತ್ತದೆ. ಮೇಲಿನ ಆವಿ ತೆಳುವಾಗಿ ಉರಿಯಲಾರದೆ ಹೋದೊಡನೆ ಜ್ವಾಲೆ ನಂದುತ್ತದೆಯೇ ಹೊರತು ಮದ್ಯಸಾರ ಮುಗಿದುದರಿಂದಲ್ಲ. ಬೇಯಿಸದೆ ಬೆರೆಸಿ ಒಂದು ರಾತ್ರಿ ಇಟ್ಟರೆ ಉಳಿಯುವುದು ಶೇಕಡಾ ೭೦.

ಈ ಅಂಕಿಗಳನ್ನು ಹಿಡಿದು ನಾವೇ ಒಂದು ಲೆಕ್ಕ ಹಾಕೋಣ. ಒಂದೂವರೆ ಕಿಲೋಗ್ರಾಮಿನ ಕೇಕಿಗೆ ಹಣ್ಣು ನೆನೆಯಿಡಲು ೨೦೦ ಮಿಲಿಲೀಟರು ರಮ್ ಬಳಸಿದರೆನ್ನಿ. ನಮ್ಮ ದೇಶದ ರಮ್ಮಿನಲ್ಲಿ ಸಾಮಾನ್ಯವಾಗಿ ಗಾತ್ರದಿಂದ ಶೇಕಡಾ ೪೨.೮ ಮದ್ಯಸಾರ. ಅದರ ಸಾಂದ್ರತೆ ೦.೭೮೯. ಗುಣಿಸಿದರೆ ೬೭.೫ ಗ್ರಾಂ ಮದ್ಯಸಾರವಾಯಿತು. ಎರಡು ಗಂಟೆ ಬೆಂದು ಶೇಕಡಾ ೧೦ ಉಳಿದರೆ ೬.೮ ಗ್ರಾಂ. ಇಷ್ಟಕ್ಕೇ ನಿಂತಿದ್ದರೆ ಚಿಂತೆ ಅಲ್ಪವೆನ್ನಬಹುದಿತ್ತು. ಆದರೆ ಸಂಪ್ರದಾಯದಲ್ಲಿ, ಬೆಂದ ಕೇಕಿಗೆ ಸಣ್ಣ ತೂತುಗಳನ್ನು ಮಾಡಿ ವಾರಕ್ಕೊಮ್ಮೆ ರಮ್ ಕುಡಿಸುವುದುಂಟು. ನಾಲ್ಕು ಸಲ ೩೦ ಮಿಲಿಲೀಟರಿನಂತೆ ೧೨೦ ಮಿಲಿಲೀಟರು ಕುಡಿಸಿದರೆ ಮತ್ತೆ ೪೦.೫ ಗ್ರಾಂ ಸೇರಿತು. ಇದು ಒಲೆಯನ್ನೇ ಕಾಣದ ರಮ್. ಶೇಕಡಾ ೭೦ ಉಳಿದರೂ ೨೮.೪ ಗ್ರಾಂ ಆಯಿತು. ಒಟ್ಟು ೩೫ ಗ್ರಾಂ. ಕೇಕನ್ನು ನೂರು ಗ್ರಾಮಿನ ಹದಿನೈದು ತುಂಡುಗಳಾಗಿ ಕೊಯ್ದರೆ ಒಂದೊಂದರಲ್ಲಿ ೨.೩ ಗ್ರಾಂ. ಮೂವತ್ತು ಮಿಲಿಲೀಟರಿನ ಒಂದು ಸಣ್ಣ ಅಳತೆಯ ರಮ್ಮಿನಲ್ಲಿರುವುದು ೧೦ ಗ್ರಾಂ. ಅಂದರೆ ನಾಲ್ಕು ತುಂಡು ಕೇಕು ತಿಂದ ಅತಿಥಿ, ತನಗೆ ತಿಳಿಯದೆಯೇ, ಹೆಚ್ಚುಕಡಮೆ ಒಂದು ಅಳತೆ ರಮ್ ಸೇವಿಸಿದಂತಾಯಿತು. ತಲೆ ತಿರುಗಿಸುವ ಪ್ರಮಾಣ ಇದಲ್ಲದಿರಬಹುದು. ಆದರೆ ಡೈಸಲ್ಫಿರಾಮ್ ಸೇವಿಸುವವನಿಗೆ ಒಂದು ತುಂಡೂ ಅಪಾಯದ ಬಾಗಿಲು.

ರಮ್ ಕೇಕಿನಲ್ಲಿ ಮಾಡುವ ನಾಲ್ಕು ಕೆಲಸಗಳು

ಬದಲಿ ವಸ್ತುವನ್ನು ಹುಡುಕುವ ಮುನ್ನ ರಮ್ ಅಲ್ಲಿ ಏನು ಕೆಲಸ ಮಾಡುತ್ತದೆಂಬುದು ತಿಳಿದಿರಬೇಕು. ಒಂದು, ಒಣಹಣ್ಣನ್ನು ನೆನೆಸಿ ಉಬ್ಬಿಸುತ್ತದೆ. ಎರಡು, ನೀರಿನಲ್ಲಿ ಸುಲಭವಾಗಿ ಕರಗದ ಪರಿಮಳಗಳನ್ನು ಕರಗಿಸಿಕೊಳ್ಳುತ್ತದೆ. ಲವಂಗದ ಯೂಜೆನಾಲ್, ದಾಲ್ಚಿನ್ನಿಯ ಸಿನ್ನಮಾಲ್ಡಿಹೈಡ್, ಕಿತ್ತಳೆ ಸಿಪ್ಪೆಯ ಲಿಮೊನೀನ್ ಇಂಥವು. ಮೂರು, ಬೂಷ್ಟು, ಬ್ಯಾಕ್ಟೀರಿಯಗಳು ಬೆಳೆಯದಂತೆ ತಡೆಯುತ್ತದೆ. ನಾಲ್ಕು, ತನ್ನದೇ ಆದ ಕಟುಮಧುರವಾದ ರುಚಿಯನ್ನೂ ಬಣ್ಣವನ್ನೂ ಕೊಡುತ್ತದೆ. ಈ ನಾಲ್ಕನ್ನೂ ಮಾಡುವ ಒಂದೇ ವಸ್ತು ನಮ್ಮ ಅಡಿಗೆಮನೆಯಲ್ಲಿ ಸಿಕ್ಕುವುದಿಲ್ಲ. ಆದರೆ ಕೆಲಸವನ್ನು ಹಂಚಿಕೊಟ್ಟರೆ ನಾಲ್ಕಕ್ಕೂ ಆಳುಗಳುಂಟು.

ಈ ಬಗೆಯ ಹೊಂದಾಣಿಕೆ ನಮ್ಮ ಕರಾವಳಿಗೆ ಹೊಸದಲ್ಲ. ೧೮೮೩ರಲ್ಲಿ ತಲಶ್ಶೇರಿಯ ಮಂಬಳ್ಳಿ ಬಾಪು ಎಂಬ ಬೇಕರಿಯವರು, ಮರ್ಡಕ್ ಬ್ರೌನ್ ಎಂಬ ತೋಟದ ಧಣಿ ತೋರಿಸಿದ ವಿಲಾಯಿತಿ ಕೇಕನ್ನು ನೋಡಿ ಅಂಥದನ್ನೇ ಮಾಡಿದರೆಂಬ ಕಥೆ ಪ್ರಚಲಿತವಾಗಿದೆ. ಧಣಿ ಹೇಳಿದ ಬ್ರಾಂದಿಯನ್ನು ಬಿಟ್ಟು, ಗೇರುಹಣ್ಣು ಬಾಳೆಹಣ್ಣುಗಳಿಂದ ಇಳಿಸಿದ ಸ್ಥಳೀಯ ಪಾನೀಯವನ್ನು ಅವರು ಬಳಸಿದರಂತೆ. ಅದೂ ಮದ್ಯವೇ ಆಗಿತ್ತೆಂಬುದು ನಿಜ. ಆದರೂ ಊರಿನಲ್ಲಿ ದೊರೆಯುವುದನ್ನು ಹಿಡಿದು ಕೇಕಿನ ಸ್ವಭಾವವನ್ನು ಉಳಿಸಿಕೊಳ್ಳಬಹುದೆಂಬ ಪಾಠ ಅಲ್ಲಿದೆ.

ಮೊದಲನೆಯ ಕೆಲಸಕ್ಕೆ ಕಿತ್ತಳೆಯ ರಸ ಯೋಗ್ಯವಾದುದು. ತಣ್ಣಗಿನ ರಸದಲ್ಲಿ ವಾರಗಟ್ಟಲೆ ನೆನೆಯಿಡುವ ಬದಲು ಬಿಸಿಮಾಡಿದ ರಸವನ್ನು ಬಳಸಬೇಕು. ಉಷ್ಣತೆ ಹೆಚ್ಚಿದಷ್ಟೂ ಅಣುಗಳ ಓಡಾಟ ಹೆಚ್ಚಿ, ದಿನಗಳಲ್ಲಿ ಆಗುವ ಕೆಲಸ ಒಂದು ರಾತ್ರಿಯೊಳಗೆ ಆಗುತ್ತದೆ.

ಎರಡನೆಯ ಕೆಲಸಕ್ಕೆ ನಮ್ಮ ಒಗ್ಗರಣೆಯೇ ಗುರು. ಸಾಸಿವೆ ಇಂಗುಗಳ ಘಮವನ್ನು ಎಣ್ಣೆಗೆ ಇಳಿಸುವ ಉಪಾಯವನ್ನು ನಮ್ಮ ತಾಯಂದಿರು ಯಾವ ಪ್ರಯೋಗಶಾಲೆಯಲ್ಲಿಯೂ ಕಲಿಯಲಿಲ್ಲ. ಮಸಾಲೆಯ ಪರಿಮಳದ್ರವ್ಯಗಳು ಮದ್ಯಸಾರದಲ್ಲಿ ಕರಗುವಂತೆ ಕೊಬ್ಬಿನಲ್ಲಿಯೂ ಕರಗುತ್ತವೆ. ಆದುದರಿಂದ ಕೇಕಿನ ಬೆಣ್ಣೆಯಲ್ಲಿ ಸ್ವಲ್ಪ ಭಾಗವನ್ನು ಕರಗಿಸಿ, ಸಣ್ಣ ಉರಿಯಲ್ಲಿ ಮಸಾಲೆಯ ಪುಡಿಯನ್ನು ಒಂದು ನಿಮಿಷ ಬೆಚ್ಚಗೆ ಮಾಡಿದರೆ ಸಾಕು. ಕಿತ್ತಳೆ ಸಿಪ್ಪೆಯ ಹೊರಪದರವನ್ನು ತುರಿದು ಸಕ್ಕರೆಯೊಡನೆ ಉಜ್ಜಬೇಕು. ಸಕ್ಕರೆಯ ಹರಳುಗಳ ಮೊನೆ ಸಿಪ್ಪೆಯ ತೈಲಕೋಶಗಳನ್ನು ಹರಿದು ತೈಲವನ್ನು ಹೀರಿಕೊಳ್ಳುತ್ತದೆ.

ನಾಲ್ಕನೆಯ ಕೆಲಸವನ್ನು ಸುಟ್ಟ ಸಕ್ಕರೆ ಮತ್ತು ಚಹದ ಕಷಾಯ ಸೇರಿ ನಿರ್ವಹಿಸುತ್ತವೆ. ಸಕ್ಕರೆ ೧೭೦ ಡಿಗ್ರಿಯ ಸುಮಾರಿಗೆ ಕಂದಾಗಿ ಕಹಿ, ಸಿಹಿ, ಹುಳಿಗಳ ನೂರಾರು ಹೊಸ ಸಂಯುಕ್ತಗಳನ್ನು ಕೊಡುತ್ತದೆ. ಹಾಲಿಲ್ಲದ ಗಟ್ಟಿ ಚಹದಲ್ಲಿರುವ ಟ್ಯಾನಿನ್, ಮದ್ಯ ಕೊಡುತ್ತಿದ್ದ ಒಗರನ್ನು ನಾಲಗೆಗೆ ಕೊಡುತ್ತದೆ.

ಮೂರನೆಯ ಕೆಲಸವೇ ಕಠಿನವಾದುದು. ಅದನ್ನು ಪಾಕವಿಧಾನದ ಬಳಿಕ ಪ್ರತ್ಯೇಕವಾಗಿ ನೋಡೋಣ.

ಮಾಡುವ ಕ್ರಮ

ಕರಿ ಒಣದ್ರಾಕ್ಷಿ, ಬಿಳಿ ಒಣದ್ರಾಕ್ಷಿ, ಬೀಜ ತೆಗೆದ ಖರ್ಜೂರ, ಸಕ್ಕರೆಯಲ್ಲಿ ಪಾಕಗೊಳಿಸಿದ ಕಿತ್ತಳೆ ಸಿಪ್ಪೆ ಎಲ್ಲ ಸೇರಿ ೫೦೦ ಗ್ರಾಂ ತೆಗೆದುಕೊಳ್ಳಿರಿ. ೧೫೦ ಮಿಲಿಲೀಟರು ಕಿತ್ತಳೆ ರಸ, ೧೦೦ ಮಿಲಿಲೀಟರು ಗಟ್ಟಿ ಚಹದ ಕಷಾಯ ಬೆರೆಸಿ, ಹಣ್ಣುಗಳನ್ನು ಹಾಕಿ, ಕುದಿ ಬರುವವರೆಗೆ ಕಾಯಿಸಿ ಐದು ನಿಮಿಷ ಸಣ್ಣ ಉರಿಯಲ್ಲಿಡಿರಿ. ಮುಚ್ಚಿ, ಆರಿದ ಮೇಲೆ ರೆಫ್ರಿಜಿರೇಟರಿನಲ್ಲಿ ಒಂದು ರಾತ್ರಿ ಬಿಡಿರಿ.

ಮರುದಿನ ೧೦೦ ಗ್ರಾಂ ಸಕ್ಕರೆಯನ್ನು ದಪ್ಪ ತಳದ ಪಾತ್ರೆಯಲ್ಲಿ ಗಾಢ ಕಂದುಬಣ್ಣ ಬರುವವರೆಗೆ ಕರಗಿಸಿ, ಒಲೆಯಿಂದಿಳಿಸಿ, ೭೫ ಮಿಲಿಲೀಟರು ಬಿಸಿನೀರನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಿರಿ. ನೀರು ಥಟ್ಟನೆ ಆವಿಯಾಗಿ ಸಿಡಿಯುವುದರಿಂದ ಮುಖವನ್ನು ದೂರವಿಟ್ಟುಕೊಳ್ಳಬೇಕು; ಹಿರಿಯರು ಹತ್ತಿರವಿಲ್ಲದೆ ವಿದ್ಯಾರ್ಥಿಗಳು ಇದನ್ನು ಮಾಡಬಾರದು.

೨೦೦ ಗ್ರಾಂ ಬೆಣ್ಣೆಯಲ್ಲಿ ಒಂದು ಚಮಚದಷ್ಟನ್ನು ಬೇರೆ ತೆಗೆದು, ದಾಲ್ಚಿನ್ನಿ, ಲವಂಗ, ಜಾಯಿಕಾಯಿ, ಒಣಶುಂಠಿಗಳ ಒಂದೂವರೆ ಚಹಚಮಚ ಪುಡಿಯನ್ನು ಮೇಲೆ ಹೇಳಿದಂತೆ ಅದರಲ್ಲಿ ಬೆಚ್ಚಗೆ ಮಾಡಿರಿ. ಉಳಿದ ಬೆಣ್ಣೆಯನ್ನು ೧೫೦ ಗ್ರಾಂ ಬೆಲ್ಲದ ಪುಡಿ ಮತ್ತು ಸಿಪ್ಪೆಯ ತುರಿ ಉಜ್ಜಿದ ಒಂದು ಚಮಚ ಸಕ್ಕರೆಯೊಡನೆ ಹಗುರಾಗುವಂತೆ ಕಡೆದು, ನಾಲ್ಕು ಮೊಟ್ಟೆಗಳನ್ನು ಒಂದೊಂದಾಗಿ ಸೇರಿಸಿರಿ. ೨೨೫ ಗ್ರಾಂ ಮೈದಾ, ಒಂದು ಚಹಚಮಚ ಬೇಕಿಂಗ್ ಪೌಡರ್, ಕಾಲು ಚಹಚಮಚ ಅಡಿಗೆಸೋಡ, ಚಿಟಿಕೆ ಉಪ್ಪುಗಳನ್ನು ಜರಡಿಯಾಡಿ ಬೆರೆಸಿರಿ. ಸೋಡ ಸೇರಿಸುವುದು ಕಿತ್ತಳೆ ರಸದ ಆಮ್ಲಕ್ಕಾಗಿ. ಎರಡೂ ಕೂಡಿ ಬಿಡುಗಡೆಯಾಗುವ ಇಂಗಾಲದ ಡೈಆಕ್ಸೈಡ್ ಹಿಟ್ಟನ್ನು ಹಗುರ ಮಾಡುತ್ತದೆ. ಕೊನೆಗೆ ಸುಟ್ಟ ಸಕ್ಕರೆಯ ನೀರು, ಬೆಚ್ಚಗಾದ ಮಸಾಲೆ, ನೆನೆದ ಹಣ್ಣು, ೭೫ ಗ್ರಾಂ ಗೋಡಂಬಿ ಸೇರಿಸಿರಿ. ೨೦ ಸೆಂಟಿಮೀಟರು ಅಗಲದ ಆಳವಾದ ತಗಡಿನ ಪಾತ್ರೆಯಲ್ಲಿ ಕಾಗದ ಹಾಸಿ, ೧೫೦ ಡಿಗ್ರಿಯಲ್ಲಿ ಸುಮಾರು ಎರಡು ಗಂಟೆ ಬೇಯಿಸಿರಿ. ನಡುವೆ ಚುಚ್ಚಿದ ಕಡ್ಡಿ ಅಂಟಿಲ್ಲದೆ ಬಂದರೆ ಬೆಂದಿತೆಂದು ತಿಳಿಯಬೇಕು.

ಕೆಡದಂತೆ ಇಡುವ ಪ್ರಶ್ನೆ

ಸೂಕ್ಷ್ಮಜೀವಿಗಳಿಗೆ ಬೇಕಾದುದು ಸ್ವತಂತ್ರವಾದ ನೀರು. ಸಕ್ಕರೆ ನೀರಿನ ಅಣುಗಳನ್ನು ಹಿಡಿದಿಟ್ಟಷ್ಟೂ ಅವುಗಳಿಗೆ ಸಿಗುವ ನೀರು ಕಡಮೆ. ಇದನ್ನು ಸೂಚಿಸಲು ವಿಜ್ಞಾನಿಗಳು ಶುದ್ಧ ನೀರನ್ನು ೧ ಎಂದಿಟ್ಟುಕೊಂಡ ಒಂದು ಅಳತೆಯನ್ನು ಬಳಸುತ್ತಾರೆ. ೦.೯೧ಕ್ಕಿಂತ ಕೆಳಗೆ ಹೆಚ್ಚಿನ ಬ್ಯಾಕ್ಟೀರಿಯಗಳೂ, ೦.೮೦ಕ್ಕಿಂತ ಕೆಳಗೆ ಹೆಚ್ಚಿನ ಬೂಷ್ಟುಗಳೂ ಬೆಳೆಯಲಾರವು. ಹಣ್ಣು ಸಕ್ಕರೆಗಳು ತುಂಬಿದ ಕೇಕು ಸ್ವಭಾವತಃ ಈ ಗಡಿಯ ಆಸುಪಾಸಿನಲ್ಲಿರುತ್ತದೆ. ಅದಕ್ಕೆ ರಮ್ ಕುಡಿಸಿದರೆ ಕಾವಲು ಬಲವಾಗುತ್ತದೆ. ರಮ್ಮಿನ ಬದಲು ಹಣ್ಣಿನ ರಸವನ್ನು ಕುಡಿಸಿದರೆ ಫಲ ತಿರುಗುಮುರುಗಾಗುತ್ತದೆ: ನೀರಿನ ಪಾಲು ಏರಿ, ಬೂಷ್ಟಿಗೆ ಔತಣವಿತ್ತಂತಾಗುತ್ತದೆ. ಆದುದರಿಂದ ಮದ್ಯವಿಲ್ಲದ ಕೇಕಿಗೆ ಬೆಂದ ಮೇಲೆ ಏನನ್ನೂ ಕುಡಿಸಬಾರದು. ಬೇಕಿದ್ದರೆ ಮೇಲ್ಮೈಗೆ ಗಟ್ಟಿಯಾದ ಸಕ್ಕರೆ ಪಾಕವನ್ನು ತೆಳುವಾಗಿ ಸವರಬಹುದು. ಪೂರ್ತಿ ಆರಿದ ಮೇಲೆ ಸುತ್ತಿ, ತಂಪಾದ ಸ್ಥಳದಲ್ಲಿಟ್ಟು ಒಂದು ವಾರದೊಳಗೆ ಮುಗಿಸಬೇಕು. ಹೆಚ್ಚು ದಿನ ಬೇಕಾದರೆ ಮಂಜುಗಟ್ಟಿಸುವ ಪೆಟ್ಟಿಗೆಯೇ ಗತಿ. ನವೆಂಬರಿನಲ್ಲಿ ಮಾಡಿ ಜನವರಿಯವರೆಗೆ ಕಪಾಟಿನಲ್ಲಿಡುವ ಪದ್ಧತಿಯನ್ನು ಇಲ್ಲಿ ಬಿಟ್ಟುಕೊಡಬೇಕು.

ಇನ್ನೊಂದು ಬಲೆ ಇದಕ್ಕಿಂತ ಸೂಕ್ಷ್ಮವಾದುದು. ರಮ್ಮಿನ ಬದಲು ದ್ರಾಕ್ಷಿರಸದಲ್ಲಿ ಹಣ್ಣನ್ನು ನೆನೆಸಿ, ಹಳೆಯ ವಾಡಿಕೆಯಂತೆ ತಿಂಗಳುಗಟ್ಟಲೆ ಕಪಾಟಿನಲ್ಲಿಟ್ಟರೆ ಏನಾಗುತ್ತದೆ? ಗಾಳಿಯಲ್ಲಿಯೂ ಹಣ್ಣಿನ ಸಿಪ್ಪೆಯ ಮೇಲೂ ಇರುವ ಯೀಸ್ಟ್ ರಸದ ಸಕ್ಕರೆಯನ್ನು ಹುದುಗಿಸಿ ಮದ್ಯಸಾರವನ್ನೇ ತಯಾರಿಸುತ್ತದೆ! ೧೮೦ ಗ್ರಾಂ ಗ್ಲೂಕೋಸಿನಿಂದ ೯೨ ಗ್ರಾಂ ಮದ್ಯಸಾರ ಬರುತ್ತದೆಂಬುದು ರಸಾಯನಶಾಸ್ತ್ರದ ಲೆಕ್ಕ. ಬಾಗಿಲಿನಿಂದ ಹೊರಗೆ ಹಾಕಿದವನು ಕಿಟಕಿಯಿಂದ ಒಳಗೆ ಬಂದಂತಾಯಿತು. ರಸದಲ್ಲಿ ನೆನೆಯಿಡುವುದು ಒಂದೇ ರಾತ್ರಿ, ಅದೂ ಕಾಯಿಸಿ, ತಣ್ಣಗೆ ಇಟ್ಟು, ಎಂದು ಹೇಳಿದುದು ಇದಕ್ಕಾಗಿಯೇ.

ಸೀಸೆಯ ಮೇಲಿನ ಚೀಟಿ

ರಮ್ಮನ್ನು ಬಿಟ್ಟೊಡನೆ ಎಲ್ಲವೂ ಮುಗಿಯಲಿಲ್ಲ. ಮಲೆನಾಡಿನ ಅಡಕೆತೋಟಗಳಲ್ಲಿಯೂ ಬೆಳೆಯುವ ವೆನಿಲ್ಲದ ಕೋಡಿನಿಂದ ತೆಗೆದ ಸಾರ ಸಾಮಾನ್ಯವಾಗಿ ಮದ್ಯಸಾರದಲ್ಲಿಯೇ ಇರುತ್ತದೆ. ಅಮೆರಿಕದ ಕಾನೂನಿನಂತೆ ಅಲ್ಲಿ ಆ ಹೆಸರಿನಿಂದ ಮಾರುವ ಸಾರದಲ್ಲಿ ಗಾತ್ರದಿಂದ ಶೇಕಡಾ ೩೫ಕ್ಕೆ ಕಡಮೆಯಿಲ್ಲದಷ್ಟು ಮದ್ಯಸಾರ ಇರಲೇಬೇಕು. ಬದಲಿಗೆ ಕೋಡನ್ನೇ ಸೀಳಿ ಬೀಜವನ್ನು ಬೆಣ್ಣೆಗೆ ಸೇರಿಸಬಹುದು. ಅಂಗಡಿಯ ಎಸೆನ್ಸುಗಳಲ್ಲಿ ಕೆಲವು ಮದ್ಯಸಾರದಲ್ಲಿ, ಕೆಲವು ಪ್ರೊಪಿಲೀನ್ ಗ್ಲೈಕಾಲಿನಲ್ಲಿ ಕರಗಿಸಿದವು; ಚೀಟಿಯನ್ನು ಓದಿಯೇ ತಿಳಿಯಬೇಕು. ರಸಾಯನಶಾಸ್ತ್ರದಲ್ಲಿ ಆಲ್ಕೊಹಾಲ್ ಎಂಬುದು ಒಬ್ಬರ ಹೆಸರಲ್ಲ, ಒಂದು ಮನೆತನದ ಹೆಸರು. ಗ್ಲಿಸರಿನ್, ಸಾರ್ಬಿಟಾಲ್, ಪ್ರೊಪಿಲೀನ್ ಗ್ಲೈಕಾಲ್ ಇವು ಆ ಮನೆತನದವೇ ಆದರೂ ಮದ್ಯದಲ್ಲಿರುವ ಎಥೈಲ್ ಆಲ್ಕೊಹಾಲ್ ಅಲ್ಲ. ಹಾಗೆಯೇ ಮದ್ಯಸಾರವಿಲ್ಲದ ರಮ್ ಎಸೆನ್ಸನ್ನು ಬಳಸುವಾಗಲೂ ಯೋಚಿಸಬೇಕು. ಕುಡಿತವನ್ನು ಬಿಟ್ಟವರಲ್ಲಿ ಕೆಲವರಿಗೆ ಆ ವಾಸನೆಯೇ ಹಳೆಯ ಹಂಬಲವನ್ನು ಎಬ್ಬಿಸಬಲ್ಲುದು. ಅವರನ್ನೇ ಕೇಳಿ ನಡೆದುಕೊಳ್ಳುವುದು ಉತ್ತಮ.

ವಿದ್ಯಾರ್ಥಿಗಳಿಗೆ ಎರಡು ಪ್ರಯೋಗಗಳು

ಹತ್ತು ಹತ್ತು ಒಣದ್ರಾಕ್ಷಿಗಳ ಮೂರು ಗುಂಪುಗಳನ್ನು ತೂಗಿ, ತಣ್ಣೀರು, ಬಿಸಿನೀರು, ಗಟ್ಟಿ ಸಕ್ಕರೆ ಪಾಕ ಇವುಗಳಲ್ಲಿ ಒಂದು ಗಂಟೆ ನೆನೆಯಿಡಿರಿ. ಒರಸಿ ಮತ್ತೆ ತೂಗಿದರೆ ಬಿಸಿನೀರಿನವು ಎಲ್ಲಕ್ಕಿಂತ ಹೆಚ್ಚು ಉಬ್ಬಿರುವುದೂ, ಪಾಕದಲ್ಲಿದ್ದವು ಬಹಳ ಕಡಮೆ ಹೀರಿರುವುದೂ ಕಾಣುತ್ತದೆ. ನೀರಿನ ಅಣುಗಳು ಸಕ್ಕರೆ ಕಡಮೆಯಿರುವ ಕಡೆಯಿಂದ ಹೆಚ್ಚಿರುವ ಕಡೆಗೆ ಹರಿಯುವುದಕ್ಕೆ ಇದು ಒಳ್ಳೆಯ ನಿದರ್ಶನ.

ಎರಡನೆಯದಾಗಿ, ಒಂದು ಸೀಸೆಯಲ್ಲಿ ಸಕ್ಕರೆ ಬೆರೆಸಿದ ಬೆಚ್ಚಗಿನ ನೀರು ಮತ್ತು ಯೀಸ್ಟ್ ಹಾಕಿ, ಬಾಯಿಗೆ ರಬ್ಬರ್ ಬಲೂನನ್ನು ಕಟ್ಟಿರಿ. ಕೆಲವು ಗಂಟೆಗಳಲ್ಲಿ ಅದು ಉಬ್ಬುತ್ತದೆ. ಆ ಅನಿಲವನ್ನು ಸುಣ್ಣದ ತಿಳಿನೀರಿನಲ್ಲಿ ಹಾಯಿಸಿದರೆ ನೀರು ಬೆಳ್ಳಗಾಗುತ್ತದೆ. ಇಲ್ಲಿ ಹುಟ್ಟುವ ಇಂಗಾಲದ ಡೈಆಕ್ಸೈಡಿನ ಒಂದೊಂದು ಅಣುವಿಗೂ ಮದ್ಯಸಾರದ ಒಂದೊಂದು ಅಣು ಸೀಸೆಯಲ್ಲಿ ಸೇರಿಕೊಳ್ಳುತ್ತದೆ. ಬಲೂನಿನಲ್ಲಿ ಸುಮಾರು ೧.೨ ಲೀಟರು ಅನಿಲ ತುಂಬಿದ್ದರೆ ಸೀಸೆಯಲ್ಲಿ ಹೆಚ್ಚುಕಡಮೆ ೨.೩ ಗ್ರಾಂ ಮದ್ಯಸಾರವಿದೆಯೆಂದು ಲೆಕ್ಕ ಹಾಕಬಹುದು. ನಾವು ಮೇಲೆ ಕಂಡ ಒಂದು ತುಂಡು ರಮ್ ಕೇಕಿನಲ್ಲಿದ್ದುದೂ ಅಷ್ಟೇ! ಸೀಸೆಯಲ್ಲಿರುವುದನ್ನು ಪ್ರಯೋಗ ಮುಗಿದೊಡನೆ ಚೆಲ್ಲಿಬಿಡಬೇಕು.

ಈ ಪ್ರಯೋಗವನ್ನು ನೋಡಿದವರಿಗೆ ಒಂದು ಸಂದೇಹ ಬರಬಹುದು. ಯೀಸ್ಟಿನಿಂದ ಉಬ್ಬಿದ ಬ್ರೆಡ್ಡಿನಲ್ಲಿಯೂ, ಚೆನ್ನಾಗಿ ಕಳಿತ ಬಾಳೆಹಣ್ಣಿನಲ್ಲಿಯೂ ಎಳ್ಳಿನಷ್ಟು ಮದ್ಯಸಾರ ಇರಲಾರದೆ? ಇರುತ್ತದೆ. ಪ್ರಕೃತಿಯಲ್ಲಿ ಪೂರ್ಣ ಸೊನ್ನೆ ಅಪರೂಪ. ಆದರೆ ತಾನಾಗಿ ಹುಟ್ಟಿದ ಆ ಲೇಶಕ್ಕೂ, ಸೀಸೆಯಿಂದ ಸುರಿದು "ಹಾರಿಹೋಗಿದೆ" ಎಂದು ಬಡಿಸುವ ಗ್ರಾಮುಗಳಿಗೂ ಅಂತರವಿದೆ. ಎಷ್ಟು ಬಿಡಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ತಿನ್ನುವವರೂ ಅವರ ವೈದ್ಯರೂ ನಿರ್ಧರಿಸುತ್ತಾರೆ. ಅವರು ಸರಿಯಾಗಿ ನಿರ್ಧರಿಸಬೇಕಾದರೆ ಕೇಕಿನಲ್ಲಿ ಏನಿದೆಯೆಂಬುದನ್ನು ಮಾಡಿದವರು ಇದ್ದಂತೆ ಹೇಳಬೇಕು. ಆದುದರಿಂದ ಈ ಡಿಸೆಂಬರಿನಲ್ಲಿ ಎರಡು ಬಗೆಯ ಕೇಕುಗಳನ್ನು ಮಾಡುವ ಮನೆಯವರು ಎರಡಕ್ಕೂ ಬೇರೆ ಬೇರೆ ಚಾಕು, ಬೇರೆ ಬೇರೆ ಡಬ್ಬಿಗಳನ್ನಿಟ್ಟು, ಮುಚ್ಚಳದ ಮೇಲೆ ಸ್ಪಷ್ಟವಾಗಿ ಹೆಸರು ಬರೆದಿಡಲಿ ಎಂಬುದು ನಮ್ಮ ಸೂಚನೆ.